ಇಪ್ಪತ್ತೇಳು ಇಂಚು

ಮಕ್ಕಳಿಗೆ ಮೂವತ್ತು ವರ್ಷ ಅಕ್ಷರ ಕಲಿಸಿದವಳು ನಾನು. ‘ಅಕ್ಷರ ದುಂಡಗಿರಲಿ’ ಎಂದು ಎಷ್ಟು ಪುಟ್ಟ ಕೈಗಳಿಗೆ ಸ್ಕೇಲಿನಿಂದ ಹೊಡೆದಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಸ್ವಂತ ದುಂಡಗಿನ ಅಕ್ಷರ ಊರಿನಲ್ಲಿ ಮಾಡಿದ ಮೊದಲ ಘನಕಾರ್ಯವೆಂದರೆ ನನ್ನ ಅಪ್ಪನ ಕಡವನ್ನು ಕಿತ್ತುಕೊಂಡದ್ದು. ಇದನ್ನು ಹೇಳಲು ಕೂತರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ. ಸಮಾಧಾನದಿಂದ ಹೇಳುವ ಸಂಗತಿ ಇದಲ್ಲ.

ನಮ್ಮ ಕಡವು ಇದ್ದದ್ದು ನೇತ್ರಾವತಿಯ ದಂಡೆಯಲ್ಲಿ, ಬಂಟ್ವಾಳಕ್ಕಿಂತ ಕೆಳಗೆ, ಫರಂಗಿಪೇಟೆಗಿಂತ ಮೇಲೆ. ಕಡವೆಂದರೆ ಹೊಳೆ ದಾಟಿಸುವ ಜಾಗ. ಅಪ್ಪ ಅಲ್ಲಿ ಜಂಗಲ್ ನಡೆಸುತ್ತಿದ್ದರು. ಎರಡು ಉದ್ದನೆಯ ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ನಡುವೆ ಜಾಗ ಬಿಟ್ಟು, ಅಡ್ಡತೊಲೆಗಳಿಂದ ಬಿಗಿದು, ಮೇಲೆ ಹಲಗೆ ಹಾಸಿದರೆ ಅದು ಜಂಗಲ್. ಒಂಟಿ ದೋಣಿಯಲ್ಲಿ ಕೂತವರು ಸೀನಲೂ ಹೆದರಬೇಕು. ಜಂಗಲಿನ ಮೇಲೆ ಎಮ್ಮೆ ನಿಲ್ಲುತ್ತದೆ, ಅಡಿಕೆ ಮೂಟೆ ನಿಲ್ಲುತ್ತದೆ. ಒಮ್ಮೆ ಮದುಮಗನ ದಿಬ್ಬಣವೇ ವಾಲಗದ ಸಮೇತ ನಿಂತುಕೊಂಡು ದಾಟಿತ್ತು. ದಾಟಿಸಿದ್ದಕ್ಕೆ ಎರಡೂ ದಂಡೆಯ ಮನೆಗಳವರು ಸುಗ್ಗಿಯಲ್ಲಿ ಭತ್ತ ಕೊಡುತ್ತಿದ್ದರು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಆ ಕಡವು ನಮಗೆ ಕಾಯಂ ಆಗಿ ಬಂದದ್ದಲ್ಲ. ಅದರ ಮೇಲೆ ಎರಡು ಮನೆಗಳಿಗೆ ಹಕ್ಕಿತ್ತು, ನಮ್ಮದು ಮತ್ತು ಆಚೆ ದಂಡೆಯದು. ವರ್ಷಕ್ಕೊಮ್ಮೆ, ಮಳೆಗಾಲದ ಬೆಳೆ ಕೊಯ್ದು ಹೊಳೆ ತಿಳಿಯಾದ ಮೇಲೆ, ಇಬ್ಬರ ಜಂಗಲುಗಳಿಗೂ ಓಟ ನಡೆಯುತ್ತಿತ್ತು. ಗೆದ್ದವರಿಗೆ ಮುಂದಿನ ಒಂದು ವರ್ಷ ಕಡವು. ಸೋತವರು ಹೊಯ್ಗೆ ಹೊರಬೇಕು, ಅಂದರೆ ಹೊಳೆಯಲ್ಲಿ ಮುಳುಗಿ ಬುಟ್ಟಿಯಲ್ಲಿ ಮರಳು ಎತ್ತಿ ದೋಣಿ ತುಂಬಬೇಕು. ಮೂಡುಬಿದಿರೆಯ ನಮ್ಮ ಸೋದರತ್ತೆಯ ಮನೆಯವರು ಇದನ್ನು ಕೇಳಿ, ‘ನಮ್ಮ ಕಂಬಳದ ಹಾಗೆಯೇ’ ಎನ್ನುತ್ತಿದ್ದರು. ಹಾಗೆ ಏನೂ ಅಲ್ಲ. ಕಂಬಳದಲ್ಲಿ ಸೋತ ಕೋಣ ಹಟ್ಟಿಗೆ ಹೋಗಿ ಹುರುಳಿ ತಿನ್ನುತ್ತದೆ. ಇಲ್ಲಿ ಸೋತರೆ ಗಂಜಿಗೇ ಕಲ್ಲು.

ಈ ಓಟಕ್ಕೆ ಹಿಂದಿನಿಂದ ಇದ್ದದ್ದು ಒಂದೇ ನಿಯಮ. ದುಡಿದ ಜಂಗಲೇ ಓಡಬೇಕು. ವರ್ಷವಿಡೀ ಜನವನ್ನೋ ಹೊಯ್ಗೆಯನ್ನೋ ಹೊತ್ತ ಜೋಡಿಯನ್ನೇ ಓಟಕ್ಕೆ ಇಳಿಸಬೇಕು, ಮೇಲಿನ ಹಲಗೆಯನ್ನೂ ತೆಗೆಯುವಂತಿಲ್ಲ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ‘ಅನ್ನ ಬಾಯಿಗೆ ಹಾಕಿಕೊಳ್ಳಬೇಕು’ ಎಂದು ಯಾರಾದರೂ ಬರೆದಿಡುತ್ತಾರೆಯೇ?

ನಿಯಮದ ಜೊತೆಗೆ ಒಂದು ಪದ್ಧತಿಯೂ ಇತ್ತು. ಜಂಗಲ್ ಕಟ್ಟುವಾಗ ಅಳತೆ ಕೇಳಬಾರದು. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದಲ್ಲ, ಹಾಗೆ. ಎರಡು ದೋಣಿಗಳ ನಡುವೆ ಎಷ್ಟು ಜಾಗ ಬಿಟ್ಟಿರಿ, ತೊಲೆ ಎಲ್ಲಿ ಕೂಡಿಸಿದಿರಿ ಎಂದು ಕೇಳಿದರೆ ಆ ಜಂಗಲ್ ಮುಳುಗುತ್ತದೆ ಎಂದು ನಂಬಿಕೆ. ಅಪ್ಪ ಬೆಳಿಗ್ಗೆ ಎದ್ದು, ಮುಖ ತೊಳೆದು, ಯಾರೊಡನೆಯೂ ಮಾತಾಡದೆ ಕಟ್ಟುತ್ತಿದ್ದರು. ಹಗ್ಗ ಹೊಸೆದು ಕೊಡುತ್ತಿದ್ದವಳು ನಾನು. ಅಂಥ ನಾನೇ ಒಂದು ದಿನವೂ ಅಳತೆ ಕೇಳಲಿಲ್ಲ. ಈ ಮಾತನ್ನು ನೆನಪಿಡಿ.

ಅಪ್ಪ ಓದಿದವರಲ್ಲ. ಆದರೆ ನೀರನ್ನು ಅವರಷ್ಟು ನೋಡಿದವರನ್ನು ನಾನು ಕಂಡಿಲ್ಲ. ಖಾಲಿ ಇದ್ದಾಗ ಜಂಗಲಿನ ಹಲಗೆಯ ಮೇಲೆ ಬೋರಲು ಮಲಗಿ, ಎರಡು ದೋಣಿಗಳ ನಡುವೆ ಹರಿಯುವ ನೀರನ್ನೇ ನೋಡುತ್ತಿದ್ದರು. ದೋಣಿಗಳು ಹತ್ತಿರ ಇದ್ದರೆ ನಡುವಿನ ನೀರು ಉಬ್ಬಿ, ನೊರೆ ಎದ್ದು, ಜಂಗಲನ್ನು ಹಿಂದಕ್ಕೆ ಹಿಡಿಯುತ್ತದೆ. ದೂರ ಇಟ್ಟರೆ ನೀರು ಸುಮ್ಮನೆ ಜಾರಿ ಹೋಗುತ್ತದೆ. ತೀರಾ ದೂರವಾದರೆ ತೊಲೆ ಮುರಿಯುತ್ತದೆ. ಎಲ್ಲರೂ ತೊಲೆಗೆ ಕಬ್ಬಿಣದ ಬೋಲ್ಟ್ ಹಾಕಿಸುತ್ತಿದ್ದ ಕಾಲದಲ್ಲಿ ಅಪ್ಪ ತೆಂಗಿನ ನಾರಿನ ಹಗ್ಗವನ್ನೇ ಸುತ್ತುತ್ತಿದ್ದರು. ಅಲೆ ಬಂದಾಗ ಹಗ್ಗ ಒಂದು ಕೂದಲಷ್ಟು ಬಾಗುತ್ತದೆ, ಬೋಲ್ಟ್ ಬಾಗುವುದಿಲ್ಲ. ಇದನ್ನೆಲ್ಲ ಅವರು ವಿವರಿಸಿದವರಲ್ಲ. ಕೇಳಿದರೆ, ‘ನೀರಿಗೂ ಹೋಗ್ಲಿಕ್ಕೆ ದಾರಿ ಬೇಕಲ್ವಾ?’ ಎಂದಷ್ಟೇ ಹೇಳುತ್ತಿದ್ದರು. ಉಳಿದದ್ದನ್ನು ನಾನು ಹೊಳೆ ದಾಟುತ್ತಾ ದಾಟುತ್ತಾ ತಿಳಿದುಕೊಂಡೆ.

ಅಪ್ಪ ಗೆಲ್ಲುತ್ತಿದ್ದರು. ಅಲ್ಲಿಂದಲೇ ಕಷ್ಟ ಶುರುವಾಯಿತು.

ಆಚೆ ದಂಡೆಯ ಮನೆಯವನು ಧಣಿಗಳ ಒಕ್ಕಲು. ಧಣಿ ಎಂದರೆ ಅಕ್ಕಿ ಮಿಲ್ಲು, ಅಂಗಡಿ, ದಂಡೆಯ ಜಾಗ ಎಲ್ಲ ಇದ್ದವರು; ನಮ್ಮೂರಿನ ಮುಕ್ಕಾಲು ಮನೆಗಳು ಉಳುತ್ತಿದ್ದದ್ದು ಅವರ ಗದ್ದೆಯನ್ನೇ. ಕಡವು ತಮ್ಮ ಒಕ್ಕಲಿನ ಕೈಗೆ ಬಂದರೆ ಆಚೆ ದಂಡೆಯ ಅಡಿಕೆ, ಅಕ್ಕಿ ಎಲ್ಲ ಬೇರೆ ಕಡೆಗೆ ಹೋಗದೆ ಮೊದಲು ತಮ್ಮ ಅಂಗಡಿ ಜಗಲಿಗೇ ಇಳಿಯುತ್ತದೆ ಎಂಬುದು ಅವರ ಆಸೆ. ಆಸೆ ಪಡಲಿ, ಬೇಡ ಎಂದವರು ಯಾರು? ಆದರೆ ಓಟ ನಡೆಸಿ ತೀರ್ಪು ಹೇಳುವ ಹಿರಿತನವೂ ಅವರದ್ದೇ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು.

ಒಂದು ವರ್ಷ ಅಪ್ಪ ಮಧ್ಯಾಹ್ನದ ಪಡುಗಾಳಿಗೆ ಒಂದು ಹಳೆಯ ಪಂಚೆಯನ್ನು ಗಳಕ್ಕೆ ಕಟ್ಟಿ ಹಾರಿಸಿ ಗೆದ್ದರು. ಮರುವರ್ಷ, ‘ಬಟ್ಟೆ ಕಟ್ಟಬಾರದು’ ಎಂದಾಯಿತು. ಆ ವರ್ಷ ದೋಣಿಯ ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ದಪ್ಪಗೆ ಬಳಿದು, ಬಿಸಿಲಿಗೆ ಒಣಗಿಸಿ, ತಾಮ್ರದ ಹಂಡೆಯಂತೆ ನುಣ್ಣಗೆ ತಿಕ್ಕಿ ಗೆದ್ದರು. ಮರುವರ್ಷ, ‘ಓಟದ ತಿಂಗಳಲ್ಲಿ ಎಣ್ಣೆ ಬಳಿಯಬಾರದು’ ಎಂದಾಯಿತು. ನಾವು ಗೆದ್ದಾಗಲೆಲ್ಲ ಒಂದು ಹೊಸ ‘ಬಾರದು’ ಹುಟ್ಟುತ್ತಿತ್ತು. ಅವರು ಗೆದ್ದ ಒಂದೆರಡು ವರ್ಷ ಯಾವ ಬಾರದೂ ಹುಟ್ಟಲಿಲ್ಲ. ಅಪ್ಪ ಪ್ರತಿ ಸಲವೂ ನಗುತ್ತಿದ್ದರು. ‘ಇರ್ಲಿ ಬಿಡು, ಅವರೂ ಯೋಚನೆ ಮಾಡ್ತಾರಲ್ಲ’ ಎನ್ನುತ್ತಿದ್ದರು. ನನಗೆ ಮಾತ್ರ ಪಿತ್ತ ನೆತ್ತಿಗೇರುತ್ತಿತ್ತು.

ಇಷ್ಟು ಸಿಟ್ಟಿದ್ದವಳು ನಾನು. ಆದರೂ ಧಣಿಗಳು ನನ್ನನ್ನು ಜಗಲಿಗೆ ಕರೆದಾಗ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೂಡುಬಿದಿರೆಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿ, ತರಬೇತಿ ಮುಗಿಸಿ, ಆಚೆ ದಂಡೆಯ ಶಾಲೆಯಲ್ಲಿ ಟೀಚರಾಗಿ ಸೇರಿ ಎರಡು ವರ್ಷ ಆಗಿತ್ತು. ಮನೆಯಲ್ಲಿ, ಹೊಳೆಯಲ್ಲಿ, ಸಂತೆಯಲ್ಲಿ ಎಲ್ಲರೂ ತುಳುವಿನಲ್ಲೇ ಮಾತಾಡುತ್ತಿದ್ದರು. ಧಣಿಗಳು ಅಂದು ನನ್ನೊಡನೆ ಕನ್ನಡದಲ್ಲಿ ಮಾತಾಡಿದರು. ಅಂಬಿಗನ ಮಗಳೊಡನೆ, ಕುರ್ಚಿ ಕೊಡಿಸಿ, ಕನ್ನಡದಲ್ಲಿ!

‘ಟೀಚರ್, ಈ ಜಂಗಲ್ ಓಟದಲ್ಲಿ ಪ್ರತಿ ವರ್ಷ ಜಗಳ ಆಗ್ತದೆ. ಒಂದು ಕಾಗದದಲ್ಲಿ ನಿಯಮ ಎಲ್ಲ ಬರೆದು ಗೋಡೆಗೆ ಅಂಟಿಸುವ. ಬರೆದದ್ದೇ ನಿಯಮ, ಬರೆಯದ್ದು ಇಲ್ಲ. ಎಲ್ಲರಿಗೂ ಒಂದೇ. ಆಗದಾ?’

ಎಲ್ಲರಿಗೂ ಒಂದೇ ಎಂಬ ಮಾತು ನನಗೆ ಜೇನಿನಂತೆ ಕೇಳಿತು. ಇನ್ನು ಮೇಲೆ ಪ್ರತಿ ವರ್ಷ ಹೊಸ ‘ಬಾರದು’ ಹುಟ್ಟುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಬರೆದೆ. ಬಟ್ಟೆ ಕಟ್ಟಬಾರದು, ಎಣ್ಣೆ ಬಳಿಯಬಾರದು, ಒಂದು ಜಂಗಲಿಗೆ ನಾಲ್ಕೇ ಜನ. ಆಮೇಲೆ ಅವರು, ‘ಎರಡು ದೋಣಿಯ ನಡುವೆ ಒಂದೂವರೆ ಮೊಳಕ್ಕಿಂತ ಜಾಸ್ತಿ ಜಾಗ ಇರಬಾರದು ಅಂತ ಬರೀರಿ’ ಎಂದರು.

ನಾನು ಪೆನ್ನು ಎತ್ತಿ, ‘ಯಾರ ಮೊಳ?’ ಎಂದು ಕೇಳಿದೆ.

ಹೌದು, ನಾನೇ ಕೇಳಿದ್ದು. ಶಾಲೆಯಲ್ಲಿ ಮಕ್ಕಳಿಗೆ ಅಡಿ, ಇಂಚು, ಹೊಸದಾಗಿ ಬಂದ ಮೀಟರು ಎಲ್ಲ ಕಲಿಸುತ್ತಿದ್ದವಳಲ್ಲವೇ? ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ; ಒಬ್ಬೊಬ್ಬರ ಕೈ ಒಂದೊಂದು ಉದ್ದ. ‘ಇಂಚಿನಲ್ಲಿ ಬರೆಯುವ. ಮೊಳಕ್ಕೆ ಹದಿನೆಂಟು ಇಂಚಿನ ಹಾಗೆ ಇಪ್ಪತ್ತೇಳು ಇಂಚು. ಆಗ ಯಾರೂ ತಕರಾರು ಮಾಡುವ ಹಾಗಿಲ್ಲ’ ಎಂದೆ.

ಧಣಿಗಳು ತೊಡೆ ತಟ್ಟಿ ನಕ್ಕರು. ‘ಇದಕ್ಕೇ ಹೇಳುವುದು ಟೀಚರ್ ಬೇಕು ಅಂತ!’

ಆ ನಗುವಿಗೆ ನಾನು ಉಬ್ಬಿ ಹೋದೆ. ಹಿಂದಿನ ತಿಂಗಳು ಅದೇ ಧಣಿಗಳು ಅಪ್ಪನ ಜಂಗಲಿನಲ್ಲಿ ದಾಟುವಾಗ ಹಲಗೆಯ ಸಂದಿಗೆ ಬಗ್ಗಿ, ತಮ್ಮ ಕೊಡೆಯನ್ನು ಒಂದು ದೋಣಿಯ ಅಂಚಿನಿಂದ ಇನ್ನೊಂದರ ಅಂಚಿಗೆ ಇಟ್ಟು ನೋಡಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಕೊಡೆ ಜಾರಿ ಬಿತ್ತೇನೋ ಎಂದುಕೊಂಡಿದ್ದೆ. ಅಳತೆ ಕೇಳಬಾರದೆಂಬ ಪದ್ಧತಿಯನ್ನು ಅವರು ಮುರಿಯಲಿಲ್ಲ ನೋಡಿ, ಬಾಯಿಬಿಟ್ಟು ಕೇಳಲೇ ಇಲ್ಲವಲ್ಲ! ಅಳತೆ ಅವರಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು. ಹಗ್ಗ ಹೊಸೆದ ಮಗಳಿಗೆ ಗೊತ್ತಿರಲಿಲ್ಲ. ದುಡಿದ ಜಂಗಲೇ ಓಡಬೇಕೆಂಬ ಹಳೆಯ ನಿಯಮವನ್ನು ಅವರೂ ಹೇಳಲಿಲ್ಲ, ನಾನೂ ಬರೆಯಲಿಲ್ಲ. ಅದು ಎಲ್ಲರಿಗೂ ಗೊತ್ತಿರುವುದು, ಬರೆಯುವುದು ಯಾಕೆ ಎಂದು ಬಿಟ್ಟೆ. ಪೆನ್ನು ನನ್ನ ಕೈಯಲ್ಲೇ ಇತ್ತು.

ಕಾಗದ ಅಂಗಡಿಯ ಗೋಡೆ ಏರಿತು. ಹದಿನೈದು ದಿನ ಅಲ್ಲಿತ್ತು. ಅಪ್ಪ ದಿನಾ ಅದರ ಎದುರು ಉಪ್ಪು, ಹೊಗೆಸೊಪ್ಪು ತೆಗೆದುಕೊಂಡು ಬರುತ್ತಿದ್ದರು. ಓದಲು ಬಾರದವರಿಗೆ ಅದು ಗೋಡೆಗೆ ಅಂಟಿದ ಕಾಗದ ಅಷ್ಟೆ. ಮನೆಯಲ್ಲಿ ನಾನು, ‘ನಿಯಮ ಎಲ್ಲ ಬರೆದುಕೊಟ್ಟೆ, ಇನ್ನು ಮೋಸ ಇಲ್ಲ’ ಎಂದು ಹೇಳಿದ್ದೆ. ಅಪ್ಪ ಖುಷಿಯಿಂದ ತಲೆಯಾಡಿಸಿದ್ದರು. ಅಳತೆಯ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ಓಟಕ್ಕೆ ಮೊದಲು ಹಗ್ಗ ಬದಲಿಸಿ ಜಂಗಲನ್ನು ಮತ್ತೆ ಕಟ್ಟುವ ವಾರವದು, ಅಳತೆಯ ಮಾತು ಆಡಿದರೆ ಅಪಶಕುನವಲ್ಲವೇ! ಓದಿದವಳಾಗಿ ಇಂಚು ಬರೆದೆ, ಓದದವಳಾಗಿ ಶಕುನ ನೋಡಿದೆ. ಎರಡೂ ಸೇರಿ ಅಪ್ಪನನ್ನು ಮುಳುಗಿಸಿದವು.

ಓಟದ ದಿನ ಎದುರು ಕಡೆಯ ಜಂಗಲ್ ನೋಡಿದವರೆಲ್ಲ ಬಾಯಿ ಬಿಟ್ಟರು. ಹೊಚ್ಚ ಹೊಸದು. ಬೆಳ್ತಂಗಡಿಯ ಆಚೆ, ಘಟ್ಟದ ಬುಡದಿಂದ ಮರ ತರಿಸಿ, ಮೂಡುಬಿದಿರೆಯ ಕಡೆಯ ಆಚಾರಿಯನ್ನು ಕರೆಸಿ ಕೆತ್ತಿಸಿದ ತೆಳ್ಳಗಿನ ದೋಣಿಗಳು. ಒಂದು ಎಮ್ಮೆ ಹೋಗಲಿ, ಒಂದು ಕೋಳಿಯನ್ನೂ ಆ ಹಲಗೆ ಹೊತ್ತಿರಲಿಲ್ಲ. ಅಪ್ಪನ ಜಂಗಲಿನ ಹಲಗೆಯಲ್ಲಿ ದನದ ಗೊರಸಿನ ಗುರುತುಗಳು, ಅಡಿಕೆ ಮೂಟೆ ಎಳೆದ ಗೀರುಗಳು. ಅಪ್ಪನೊಡನೆ ನನ್ನ ಅಣ್ಣ, ಇಬ್ಬರು ಸೋದರ ಮಾವಂದಿರು ಹುಟ್ಟು ಹಿಡಿದಿದ್ದರು. ಕಡವಿನಿಂದ ಮೇಲಿನ ದೊಡ್ಡ ಬಂಡೆಯವರೆಗೆ ಹೋಗಿ, ಅದನ್ನು ಸುತ್ತಿ ತಿರುಗಿ ಬರಬೇಕು.

ಹೋಗುವಾಗ ಅವರು ಮುಂದಿದ್ದರು. ಬಂಡೆಯ ಹತ್ತಿರ ಸೆಳೆತ ಜೋರು. ಅಲ್ಲಿ ಅವರ ಬೋಲ್ಟಿನ ಜಂಗಲ್ ಮೂಗು ತಗ್ಗಿಸಿ ನೀರು ಕುಡಿಯಿತು. ಅಪ್ಪನದು ಹಗ್ಗದಲ್ಲಿ ಒಮ್ಮೆ ಕಿರುಗುಟ್ಟಿ, ಬಾಗಿ, ತಿರುಗಿ, ಕೆಳಮುಖವಾಯಿತು. ಆಮೇಲೆ ಏನು ಹೇಳುವುದು! ಎರಡು ದೋಣಿಗಳ ನಡುವೆ ನೀರು ಒಂದು ಚೂರೂ ಉಬ್ಬದೆ ಹರಿಯುತ್ತಿದ್ದದ್ದು ದಂಡೆಯಲ್ಲಿ ನಿಂತ ನನಗೂ ಕಾಣುತ್ತಿತ್ತು. ಮೂರು ಜಂಗಲಿನಷ್ಟು ಉದ್ದ ಮುಂದೆ ಬಂದು ದಂಡೆ ಮುಟ್ಟಿದರು. ಟೀಚರೆಂಬುದನ್ನು ಮರೆತು ನಾನು ಕುಣಿದೆ.

ಆಗ ಧಣಿಗಳು, ‘ಇನ್ನು ಅಳತೆ ನೋಡುವ’ ಎಂದರು.

ಓಟದ ಮೊದಲು ಯಾಕೆ ನೋಡಲಿಲ್ಲ? ಅವರ ಜಂಗಲ್ ಗೆದ್ದಿದ್ದರೆ ನೋಡುತ್ತಿದ್ದರೇ? ಇದನ್ನು ಅಂದು ಕೇಳುವ ಬುದ್ಧಿ ಅಲ್ಲಿದ್ದ ಒಬ್ಬರಿಗೂ ಬರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ, ಎಲ್ಲರ ಕಾಲೂ ಧಣಿಗಳ ಗದ್ದೆಯಲ್ಲಿ. ಮಿಲ್ಲಿನ ಗುಮಾಸ್ತ ಟೇಪು ತಂದು ಹಿಡಿದ. ಮೂವತ್ತೊಂದು ಇಂಚು.

‘ನಿಯಮ ಮೀರಿದ್ದೀಯಲ್ಲ ಮಾರಾಯ’ ಎಂದರು ಧಣಿಗಳು, ತುಂಬಾ ನೊಂದವರ ಹಾಗೆ.

‘ಎಂತ ನಿಯಮ ಧಣಿಗಳೇ?’ ಅಪ್ಪ ಇನ್ನೂ ಏದುಸಿರು ಬಿಡುತ್ತಿದ್ದರು.

‘ನಡುವೆ ಒಂದೂವರೆ ಮೊಳ.’

ಅಪ್ಪನ ಮುಖ ಅರಳಿತು. ‘ಅಷ್ಟೇ ಉಂಟಲ್ಲ!’ ಎಂದವರೇ ಸೊಂಟದವರೆಗಿನ ನೀರಿಗೆ ಇಳಿದು, ಒಂದು ದೋಣಿಯ ಅಂಚಿಗೆ ಮೊಣಕೈ ಊರಿ, ಬೆರಳು ಚಾಚಿದರು. ಬೆರಳ ತುದಿಗೆ ಗುರುತು ಹಿಡಿದು, ಮತ್ತೆ ಅರ್ಧ ಕೈ ಇಟ್ಟರು. ಆಚೆ ದೋಣಿಯ ಅಂಚಿಗೆ ಸರಿಯಾಗಿ ತಾಗಿತು. ಒಂದು ನೂಲು ಆಚೆ ಇಲ್ಲ, ಈಚೆ ಇಲ್ಲ. ಅಪ್ಪನದು ಉದ್ದ ಕೈ. ಆ ಉದ್ದ ಕೈಯಿಂದಲೇ ಅವರು ಹುಟ್ಟು ಹಾಕಿ ನನ್ನನ್ನು ಓದಿಸಿದ್ದು.

ಜನರಲ್ಲಿ ಗುಜುಗುಜು ಎದ್ದಿತು. ಯಾರೋ, ‘ಸರಿ ಉಂಟಲ್ಲ’ ಎಂದರು. ಧಣಿಗಳು ನನ್ನ ಕಡೆಗೆ ತಿರುಗಿ, ಗೋಡೆಯಿಂದ ತೆಗೆಸಿ ತಂದ ಕಾಗದ ನನ್ನ ಕೈಗೆ ಕೊಟ್ಟು, ‘ಟೀಚರೇ ಓದಲಿ. ಅವರೇ ಬರೆದದ್ದು’ ಎಂದರು.

ನಾನು ಓದಿದೆ. ಇಪ್ಪತ್ತೇಳು ಇಂಚು ಮೀರಬಾರದು. ಅಪ್ಪ ನೀರಿನಲ್ಲೇ ನಿಂತು, ‘ಇನ್ನೊಮ್ಮೆ ಓದು ಮಗಾ’ ಎಂದರು. ಇನ್ನೊಮ್ಮೆ ಓದಿದೆ.

ಓದಿ ಮುಗಿಸಿದ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ದುಡಿದ ಜಂಗಲೇ ಓಡಬೇಕು ಅಂತ ಉಂಟಲ್ಲ! ನಿಮ್ಮ ಜಂಗಲ್ ಒಂದು ಬುಟ್ಟಿ ಹೊಯ್ಗೆಯಾದರೂ ಹೊತ್ತದ್ದುಂಟಾ?’ ಎಂದು ಕಿರುಚಿದೆ.

‘ಎಲ್ಲಿ ಬರೆದುಂಟು ಟೀಚರ್? ಕಾಗದ ನಿಮ್ಮ ಕೈಯಲ್ಲೇ ಉಂಟು. ತೋರಿಸಿ, ನೋಡುವ.’

ತೋರಿಸಲು ಏನಿತ್ತು? ಅಪ್ಪ ದಂಡೆಗೆ ಹತ್ತಿ ಬಂದರು. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಒದ್ದೆ ಬೆರಳು ತಾಗದ ಹಾಗೆ ಅಂಚಿನಲ್ಲಿ ಹಿಡಿದು, ಬಹಳ ಹೊತ್ತು ನೋಡಿದರು. ‘ಇದೆಲ್ಲ ನೀನು ಬರೆದದ್ದಾ?’ ಎಂದು ಕೇಳಿದರು. ಹೌದು ಎಂದೆ. ‘ಅಕ್ಷರ ಚಂದ ಉಂಟು’ ಎಂದು ಕಾಗದ ತಿರುಗಿ ಕೊಟ್ಟರು. ಕೆನ್ನೆಗೆ ಒಂದು ಬಾರಿಸಿದ್ದರೆ ನಾನು ಬದುಕುತ್ತಿದ್ದೆ.

ಮರುದಿನವೇ ಅಪ್ಪ ಹಗ್ಗ ಬಿಚ್ಚಿ, ಎರಡು ದೋಣಿಗಳನ್ನು ಬೇರೆ ಮಾಡಿ, ಹೊಯ್ಗೆಗೆ ಇಳಿದರು. ಸಂಜೆ ಮನೆಗೆ ಬಂದರೆ ಅವರ ಕಣ್ಣುಗಳು ಕೆಂಡದ ಹಾಗೆ ಇರುತ್ತಿದ್ದವು. ಅಣ್ಣ ನನ್ನೊಡನೆ ಮಾತು ಬಿಟ್ಟ. ಅಮ್ಮ ಬಡಿಸುವಾಗ ನನ್ನ ಬಟ್ಟಲಿಗೆ ಗಂಜಿಯ ತಿಳಿ ಮಾತ್ರ ಬೀಳುತ್ತದೆ ಎಂದು ನನಗೆ ಅನಿಸುತ್ತಿತ್ತು, ಹಾಗೇನೂ ಇರಲಿಲ್ಲ. ಶಾಲೆ ಇದ್ದದ್ದು ಆಚೆ ದಂಡೆಯಲ್ಲಿ. ನಾನು ದಿನಕ್ಕೆ ಎರಡು ಸಲ ಧಣಿಗಳ ಆ ಹೊಸ ಜಂಗಲಿನಲ್ಲೇ ದಾಟಬೇಕಿತ್ತು. ಅದನ್ನು ನಡೆಸುತ್ತಿದ್ದ ಒಕ್ಕಲು ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಮಳೆಗಾಲ ಶುರುವಾಯಿತು. ಓಟಕ್ಕೆಂದೇ ಕೆತ್ತಿದ ತೆಳ್ಳಗಿನ ದೋಣಿಗಳು, ನಡುವೆ ಇಕ್ಕಟ್ಟು ಜಾಗ, ಮೇಲೆ ತುಂಬಿದ ಜನ. ಕೆಂಪು ನೀರು ನಡುವಿನಿಂದ ಉಬ್ಬಿ ಹಲಗೆಯ ಮೇಲೆ ಹಾಯುತ್ತಿತ್ತು. ಒಂದು ಬೆಳಿಗ್ಗೆ ಜಂಗಲ್ ಒಂದೇ ಮಗ್ಗುಲಿಗೆ ವಾಲಿ, ಮಡಂತ್ಯಾರಿನ ಸಂತೆಗೆ ಹೊರಟಿದ್ದ ಒಬ್ಬ ಹೆಂಗಸಿನ ಕರು ನೀರಿಗೆ ಬಿತ್ತು. ಅದನ್ನು ಬಹಳ ಕೆಳಗೆ ಯಾರೋ ಹಿಡಿದರು. ಆ ಹೆಂಗಸಿನ ಕೈ ಹಿಡಿದು ನಾನು ಉಳಿದೆನೋ, ನನ್ನ ಕೈ ಹಿಡಿದು ಅವಳು ಉಳಿದಳೋ ಗೊತ್ತಿಲ್ಲ. ಮನೆಗೆ ಬಂದು ಇದನ್ನು ಹೇಳುವಾಗ ನನಗೆ ಒಳಗೊಳಗೇ ಸಂತೋಷವಿತ್ತು. ಆಗಲಿ, ಇಪ್ಪತ್ತೇಳು ಇಂಚಿನಲ್ಲಿ ಒಂದು ದಿನ ಅವರ ಮಾನವೂ ಮುಳುಗಲಿ ಎಂದೆ. ಅಪ್ಪ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು.

ನಡುವೆ ಒಂದು ಭಾನುವಾರ ಕಳೆಯಿತು. ಸೋಮವಾರ ಶಾಲೆಗೆ ಹೋಗಲು ಜಂಗಲ್ ಹತ್ತಿದರೆ ಅದು ಬೇರೆಯೇ ಆಗಿತ್ತು. ಬೋಲ್ಟುಗಳಿಲ್ಲ. ತೊಲೆಗಳಿಗೆ ಹೊಸ ನಾರಿನ ಹಗ್ಗ. ಹಗ್ಗದ ತುದಿಯನ್ನು ಎರಡು ಸುತ್ತು ಸುತ್ತಿ ಒಳಗೆ ತೂರಿಸಿದ ಗಂಟು. ಆ ಗಂಟು ಇಡೀ ಹೊಳೆಯಲ್ಲಿ ಒಬ್ಬರೇ ಹಾಕುತ್ತಿದ್ದದ್ದು. ಚೀಲದಿಂದ ಶಾಲೆಯ ಸ್ಕೇಲು ತೆಗೆದು ಹಲಗೆಯ ಸಂದಿಯಿಂದ ಅಳೆದೆ. ಮೂವತ್ತೊಂದು ಇಂಚು. ಒಕ್ಕಲು ದೂರ ನೋಡುತ್ತಾ, ‘ಧಣಿಗಳಿಗೆ ಗೊತ್ತುಂಟು. ಓಟಕ್ಕೆ ಮಾತ್ರ ಆ ನಿಯಮ ಅಂತೆ’ ಎಂದ.

ಅಂದು ಶಾಲೆಯಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ನಮ್ಮಿಂದ ಕಡವು ಕಿತ್ತುಕೊಂಡ ಅದೇ ನಾಲ್ಕು ಇಂಚು ಈಗ ಅವರಿಗೆ ಬೇಕು! ಅದನ್ನು ಕೊಟ್ಟವರು ಅಪ್ಪ! ಸಂಜೆ ಮನೆಗೆ ಬಂದವಳೇ ಕೊಡೆಯನ್ನು ಜಗಲಿಗೆ ಎಸೆದೆ. ಅಪ್ಪ ಉರಿಯುವ ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತಿದ್ದರು.

‘ನಾಚಿಕೆ ಆಗುವುದಿಲ್ವಾ ನಿಮಗೆ?’ ಎಂದೆ. ಅಪ್ಪನೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ‘ನಿಮ್ಮ ಅನ್ನ ಕಿತ್ತುಕೊಂಡವರ ಜಂಗಲನ್ನು ನೀವೇ ಹೋಗಿ ಕಟ್ಟಿಕೊಡುವುದಾ? ಅವರು ಮುಳುಗಿದರೆ ಮುಳುಗಲಿ. ನಿಮಗೆ ಎಂತ ಆಗಬೇಕು ಅದರಿಂದ?’

ಅಪ್ಪ ಬೈರಾಸಿನಿಂದ ಮುಖ ಒರೆಸಿಕೊಂಡರು.

‘ನೀನು ಶಾಲೆಗೆ ಹೋಗುವುದು ಅದರಲ್ಲೇ ಅಲ್ವಾ ಮಗಾ’ ಎಂದರು.